ಬಸ್ಸು ಹೊರಡುವ ಮುನ್ನ ಒಂದು ಪಟ

ನಿಗಡಿಯ ಪ್ರಾಧಿಕರಣ ಬಡಾವಣೆಯಲ್ಲಿ ಡಿಸೆಂಬರ್ ಬಂತೆಂದರೆ ಶಾಲೆಗಳ ಸ್ನೇಹಸಮ್ಮೇಳನದ ಗದ್ದಲ. ನಮ್ಮ ಸೊಸೈಟಿಯ ಗೇಟಿನ ಮುಂದೆ ಒಂಬತ್ತನೇ ಇಯತ್ತೆಯ ಹುಡುಗ ಹುಡುಗಿಯರು ನೆರೆಯುತ್ತಾರೆ. ಕೊಂಕಣದ ಮೀನುಗಾರರ ಕುಣಿತಕ್ಕೆಂದು ಬಾಡಿಗೆಗೆ ತಂದ ಸೀರೆ, ಹುಡುಗರ ತಲೆಗೆ ಕೆಂಪು ಟೊಪ್ಪಿಗೆ, ಎಲ್ಲರ ಕೆನ್ನೆಗೂ ಬಣ್ಣ. ಚಿಂಚವಡದ ರಾಮಕೃಷ್ಣ ಮೋರೆ ಪ್ರೇಕ್ಷಾಗೃಹಕ್ಕೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. "ಕಾಕೂ, ಲವಕರ್!" ಎಂದು ನನ್ನನ್ನು ಅವಸರಿಸುತ್ತಲೇ ಒಬ್ಬರ ಮೇಲೊಬ್ಬರು ಬಿದ್ದು ನಿಲ್ಲುತ್ತಾರೆ. ನಾನು ಫೋನಿನಲ್ಲಿ ಪಟ ತೆಗೆಯುತ್ತೇನೆ.

ವಿಜಯಪುರದಿಂದ ಬಂದು ನಮ್ಮ ಜೊತೆಗಿರುವ ಅತ್ತೆ ಕೇಳುತ್ತಾರೆ: "ಅದನ್ನೆಲ್ಲಾ ಹಿಡದಿಟ್ಟು ಏನ ಮಾಡ್ತೀಯವಾ? ಹೋಗೂದು ಹೋಗೇ ಹೋಗತೈತಿ." ಆಕ್ಷೇಪದ ಮಾತಲ್ಲ ಅದು, ಬಾಳಿದವರ ಪ್ರಶ್ನೆ. ಹೋಗುವುದನ್ನು ಹಿಡಿದಿಡುವ ಆಸೆ ಮೋಹವೇ?

ಇರುವುದೆಲ್ಲ ಕ್ಷಣಿಕ ಎಂದು ವಾದಿಸಿದವರು 7ನೇ ಶತಮಾನದ ಧರ್ಮಕೀರ್ತಿಯಂಥ ಬೌದ್ಧ ತಾರ್ಕಿಕರು. 'ಅಂದು ಕಂಡವನೇ ಇವನು' ಎಂದು ಗುರುತು ಹಿಡಿಯುತ್ತೇವಲ್ಲ, ಹಾಗಾದರೆ ಉಳಿದು ಬರುವುದೊಂದಿರಲೇಬೇಕು ಎಂದರು ನ್ಯಾಯದರ್ಶನದವರು. ದೀಪದ ಜ್ವಾಲೆಯೂ ಒಂದೇ ಎನಿಸುತ್ತದೆ, ಆದರೆ ಗಳಿಗೆ ಗಳಿಗೆಗೂ ಬೇರೆ ಎಂಬುದು ಬೌದ್ಧರ ಉತ್ತರ. ಈ ವಯಸ್ಸಿನ ಮಕ್ಕಳನ್ನು ನೋಡುವಾಗ ನನಗೆ ಬೌದ್ಧರ ಮಾತೇ ನಿಜವೆನಿಸುತ್ತದೆ. ಹೋದ ವರ್ಷ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗ ಈ ವರ್ಷ ಎಲ್ಲರಿಗಿಂತ ಹಿಂದೆ, ಎತ್ತರಕ್ಕೆ ನಿಂತಿದ್ದಾನೆ, ದನಿಯೂ ಒಡೆದಿದೆ.

ಆದರೆ ನಿಗಡಿಯಿಂದ ಹಳೆಯ ಮುಂಬೈ ರಸ್ತೆ ಹಿಡಿದು ಲೋಣಾವಳದ ಕಡೆ ಹೋದರೆ ಕಾರ್ಲಾ ಗುಹೆಗಳಿವೆ. ಅನಿತ್ಯವನ್ನು ಬೋಧಿಸಿದ ಭಿಕ್ಷುಗಳ ಆ ಚೈತ್ಯದ ಮೊಗಸಾಲೆಯಲ್ಲಿ ಗಂಡು ಹೆಣ್ಣಿನ ಜೋಡಿಗಳು ಕಲ್ಲಿನಲ್ಲಿ ನಿಂತಿವೆ. ಒಳಗಿನ ಕಂಬಗಳ ಮೇಲೆ ದಾನ ಕೊಟ್ಟವರ ಹೆಸರು. ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎನ್ನುತ್ತದೆ ಅಲ್ಲಿಯ ಶಾಸನ. ವೈಜಯಂತಿಯೆಂದರೆ ನಮ್ಮ ಬನವಾಸಿ. ಎಲ್ಲವೂ ಅಳಿಯುತ್ತದೆಂಬ ಬೋಧೆ ಕೇಳಿದವರೇ ಹೆಸರನ್ನು ಕಲ್ಲಿಗೆ ಏಕೆ ಬರೆಸಿದರು? ಕಾಲವನ್ನು ತಡೆಯಲು ಅಲ್ಲ ಎಂದೇ ನನ್ನ ನಂಬಿಕೆ. ಒಂದು ಒಳ್ಳೆಯ ಕೆಲಸಕ್ಕೆ ಯಾರ್ಯಾರು ಕೂಡಿದ್ದರು ಎಂಬುದಕ್ಕೆ ಸಾಕ್ಷಿ ಇರಲಿ ಎಂದು.

ಮೋಹ 'ಇದು ನನ್ನದಾಗಿಯೇ ಇರಲಿ' ಎನ್ನುತ್ತದೆ. ಸಾಕ್ಷಿ 'ಇವರಿದ್ದರು, ಕೂಡಿ ಇದ್ದರು' ಎಂದಷ್ಟೇ ಹೇಳುತ್ತದೆ. ಅವಸರದ ಪಟ ಸಾಕ್ಷಿಯ ಪಕ್ಷದ್ದು. ತನ್ನ ಚಂದ ತಾನು ನೋಡಿಕೊಳ್ಳಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ. ಒಬ್ಬಳ ಕಣ್ಣು ಮುಚ್ಚಿದೆ, ಒಬ್ಬನ ಟೊಪ್ಪಿಗೆ ಜಾರಿದೆ; ಕೈಗಳು ಮಾತ್ರ ಪಕ್ಕದವರನ್ನು ಗಟ್ಟಿಯಾಗಿ ಹಿಡಿದಿವೆ. ಬರುವ ವರ್ಷ ಹತ್ತನೆಯ ಪರೀಕ್ಷೆ, ಆಮೇಲೆ ಒಬ್ಬೊಬ್ಬರದು ಒಂದೊಂದು ಕಾಲೇಜು. ಚದುರಿಹೋಗುವವರೆಂದೇ ಅವರು ಕೂಡಿದ್ದಕ್ಕೆ ಸಾಕ್ಷಿ ಬೇಕು.

ಸಾಕ್ಷಿಗೆ ಒಂದು ಧರ್ಮವಿದೆ: ಇದ್ದವರನ್ನು ಇಲ್ಲವೆನ್ನಬಾರದು. ಇಂಥ ಗುಂಪಿನ ಅಂಚಿನಲ್ಲಿ ಕುಣಿತಕ್ಕೆ ಆಯ್ಕೆಯಾಗದ ಒಂದು ಮಗು ಗೆಳತಿಯರ ಚೀಲಗಳನ್ನು ಹೊತ್ತು ನಿಂತಿರುತ್ತದೆ. ಅದು ತಾನಾಗಿ ಬರುವುದಿಲ್ಲ. ಹೆಸರು ಹಿಡಿದು ಕರೆಯಬೇಕು. ಚೀಲಗಳನ್ನು ಕೆಳಗಿಡಿಸಿ, ಎಲ್ಲರ ನಡುವೆ ನಿಲ್ಲಿಸಿದ ಮೇಲೆಯೇ ಪಟ ತೆಗೆಯಬೇಕು.