ಸ್ಮರಣೆಯೂ ಊಹೆಯೂ

ಶ್ರೀರಾಮನವಮಿಯ ಪ್ರವಚನಗಳಲ್ಲಿ ದಶರಥ ಮಹಾರಾಜನ ಅಂತ್ಯಕಾಲದ ಪ್ರಸಂಗವನ್ನು ಕೇಳಿ ಕಣ್ಣು ತೇವವಾಗದ ಶ್ರೋತೃಗಳು ವಿರಳ. ಆದರೆ ಆ ಪ್ರಸಂಗದಲ್ಲಿ ಪುತ್ರವಿಯೋಗದ ಶೋಕವಿರುವಂತೆಯೇ ಸಜ್ಜನರು ಮನನ ಮಾಡತಕ್ಕ ಒಂದು ಧರ್ಮಸೂಕ್ಷ್ಮವೂ ಅಡಗಿದೆ. ಎಂದೋ ನಡೆದುಹೋದ ಒಂದು ಸಂಗತಿಗೆ, ಬಹುಕಾಲದ ನಂತರ ನಡೆದ ಮತ್ತೊಂದು ಸಂಗತಿಯ ಬೆಳಕಿನಲ್ಲಿ ನಾವು ಅರ್ಥವನ್ನು ಹಚ್ಚುತ್ತೇವೆ. ಹೀಗೆ ಹಚ್ಚುವುದು ಎಷ್ಟರಮಟ್ಟಿಗೆ ಯುಕ್ತವೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಶ್ರೀರಾಮನು ವನಕ್ಕೆ ತೆರಳಿದ ಆರನೆಯ ರಾತ್ರಿ, ನಡುರಾತ್ರಿಯ ಹೊತ್ತಿನಲ್ಲಿ ದಶರಥನಿಗೆ ತನ್ನ ಯೌವನದ ಒಂದು ದುಷ್ಕೃತ್ಯವು ನೆನಪಾಯಿತೆಂದು ವಾಲ್ಮೀಕಿ ಮಹರ್ಷಿಗಳು ಅಯೋಧ್ಯಾಕಾಂಡದಲ್ಲಿ ಹೇಳುತ್ತಾರೆ. ಆಗಿನ್ನೂ ಆತನು ಯುವರಾಜ. ಕೌಸಲ್ಯಾದೇವಿಯ ಪಾಣಿಗ್ರಹಣವೂ ಆಗಿರಲಿಲ್ಲ. ಮಳೆಗಾಲದ ಒಂದು ರಾತ್ರಿ ಸರಯೂತೀರದ ಕತ್ತಲೆಯಲ್ಲಿ, ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಭ್ರಮಿಸಿ ಬಾಣವನ್ನು ಬಿಟ್ಟನು. ಅದು ಕುರುಡರಾದ ತಂದೆತಾಯಿಗಳ ಏಕೈಕ ಆಧಾರವಾಗಿದ್ದ ಮುನಿಕುಮಾರನಿಗೆ ತಗುಲಿತು. ನನ್ನಂತೆಯೇ ನೀನೂ ಪುತ್ರಶೋಕದಿಂದ ಸಾಯುವೆ ಎಂದು ವೃದ್ಧ ತಪಸ್ವಿಯು ಶಪಿಸಿದನು. ಇದನ್ನೇ ಮಹಾಕವಿ ಕಾಳಿದಾಸನು ರಘುವಂಶದ ಒಂಬತ್ತನೆಯ ಸರ್ಗದಲ್ಲಿ ವರ್ಣಿಸುವಾಗ, ಮಕ್ಕಳಿಲ್ಲದಿದ್ದ ದಶರಥನಿಗೆ ಆ ಶಾಪವೂ ಅನುಗ್ರಹದಂತೆ ತೋರಿತೆನ್ನುತ್ತಾನೆ. ಪುತ್ರಶೋಕವು ಬರಬೇಕಾದರೆ ಮೊದಲು ಪುತ್ರನು ಹುಟ್ಟಲೇಬೇಕಷ್ಟೆ!

ಒಂದೇ ಶಾಪ, ಅಂದು ಆಶೆಯ ಸುಳಿವಾಗಿ ಕಂಡದ್ದು ಮುಂದೆ ಮರಣದ ಕಾರಣವಾಗಿ ಕಂಡಿತು. ಹಾಗಾದರೆ ನಡೆದ ಸಂಗತಿಯೇ ಬದಲಾಯಿತೆ? ಕಳೆದುದಕ್ಕೆ ತನ್ನದೇ ಆದ ಸ್ವರೂಪವಿಲ್ಲ, ಇಂದಿನ ಮನಸ್ಸು ಕೊಟ್ಟ ಅರ್ಥವೇ ಅದರ ಅರ್ಥ ಎಂದು ಹೇಳುವವರುಂಟು. ಶ್ರೀಮದಾಚಾರ್ಯರ ಸಿದ್ಧಾಂತವನ್ನು ನಂಬಿದ ನಮಗೆ ಈ ಮಾತು ಒಪ್ಪಿಗೆಯಾಗದು. ವಸ್ತುವು ಇದ್ದಂತೆ ಅದನ್ನು ತಿಳಿಸುವುದೇ ಪ್ರಮಾಣ. ಜ್ಞಾನವು ವಸ್ತುವನ್ನು ಬೆಳಗುವುದೇ ಹೊರತು ಹುಟ್ಟಿಸುವುದಿಲ್ಲ. ಉಡುಪಿಯ ಶ್ರೀಕೃಷ್ಣನ ಆಗಮನದ ವೃತ್ತಾಂತವು ಇದಕ್ಕೆ ನಿದರ್ಶನ. ಹಡಗಿನವರಿಗೆ ಆ ಗೋಪೀಚಂದನದ ಗಡ್ಡೆಯು ಬರಿಯ ಭಾರವಾಗಿತ್ತು. ಶ್ರೀಮದಾಚಾರ್ಯರು ಅದನ್ನು ಸ್ವೀಕರಿಸಿದ ಮೇಲೆಯೇ ಅದರ ಮಹಿಮೆಯು ಲೋಕಕ್ಕೆ ತಿಳಿಯಿತು. ಆದರೆ ಪ್ರತಿಮೆಯು ಗಡ್ಡೆಯೊಳಗೆ ಮೊದಲಿನಿಂದಲೂ ಇದ್ದಿತು. ತಡವಾಗಿ ಬಂದದ್ದು ಜನರ ತಿಳಿವು ಮಾತ್ರ.

ಆದುದರಿಂದ ಹಿಂದಿನದು ಮುಂದೆ ಅರ್ಥವಾಗುವುದುಂಟು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕೇಳಬೇಕಾದುದು, ಆ ಅರ್ಥವು ಯಾವ ಪ್ರಮಾಣದಿಂದ ಬಂದಿತೆಂದು. ಇಲ್ಲಿ ಶ್ರೀಮಟ್ಟೀಕಾಕೃತ್ಪಾದರ ಪ್ರಮಾಣಪದ್ಧತಿಯು ನಮಗೆ ದಾರಿದೀಪವಾಗಿದೆ. ನೈಯಾಯಿಕರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ನಮ್ಮ ಸಿದ್ಧಾಂತದಲ್ಲಾದರೋ ಸ್ಮೃತಿಯೂ ಪ್ರಮಾಣವೇ. ಏಕೆಂದರೆ ಅದು ಹಳೆಯ ವಸ್ತುವನ್ನು ಈಗಿರುವಂತೆ ತೋರಿಸದೆ, ಆಗ ಹೀಗಿತ್ತು ಎಂದು ಆ ಕಾಲದೊಡನೆಯೇ ತಿಳಿಸುತ್ತದೆ. ಸ್ಮರಣೆಯ ಮರ್ಯಾದೆಯು ಇಷ್ಟೇ. ಆದ್ದರಿಂದಲೇ ಹೀಗಾಯಿತು ಎಂದೊಡನೆ ಅದು ಸ್ಮರಣೆಯಾಗಿ ಉಳಿಯದೆ ಅನುಮಾನವಾಗುತ್ತದೆ. ಅನುಮಾನಕ್ಕೆ ದೋಷವಿಲ್ಲದ ವ್ಯಾಪ್ತಿಯು ಬೇಕು. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಒಂದು ಕಾರಣ, ಮತ್ತೊಂದು ಕಾರ್ಯವಾಗಲಾರದು. ಕಾಗೆಯು ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಕಾಕತಾಲೀಯನ್ಯಾಯವನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದು ಶಾಸ್ತ್ರಿಗಳ ವಾಕ್ಯಾರ್ಥಕ್ಕೆ ಮಾತ್ರ ಸೇರಿದ ವಿಷಯವೆಂದು ಭಾವಿಸಬಾರದು. ನಮ್ಮ ಮನೆಮನೆಗಳಲ್ಲಿ ಈ ಎರಡರ ಬೆರಕೆಯಿಂದ ಆಗುವ ನೋವು ಅಷ್ಟಿಷ್ಟಲ್ಲ. ಮದುವೆಯಾದ ವರ್ಷದಲ್ಲೇ ಮಾವನವರು ತೀರಿಕೊಂಡರೆ, ಸೊಸೆಯು ಹೊಸ್ತಿಲು ದಾಟಿದ ಗಳಿಗೆಯನ್ನು ದೂಷಿಸುವುದು ಇನ್ನೂ ನಿಂತಿಲ್ಲ. ಮದುವೆಯ ದಿನ ಅದೇ ಗಳಿಗೆಯನ್ನು ಸುಮುಹೂರ್ತವೆಂದು ಎಲ್ಲರೂ ಕೊಂಡಾಡಿದ್ದು ಮರೆತುಹೋಗುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯು, ಹಿಂದಿನ ರಾತ್ರಿಯ ಜ್ವರವನ್ನು ಸಾಧಾರಣವೆಂದೇಕೆ ಎಣಿಸಿದೆನೋ ಎಂದು ಜೀವಮಾನವಿಡೀ ತನ್ನನ್ನು ತಾನೇ ಶಿಕ್ಷಿಸಿಕೊಳ್ಳುತ್ತಾಳೆ. ಆ ರಾತ್ರಿ ಅದು ಸಾಧಾರಣ ಜ್ವರದಂತೆಯೇ ಇತ್ತು. ಮರುದಿನದ ತಿಳಿವನ್ನು ಹಿಂದಿನ ರಾತ್ರಿಗೆ ಒಯ್ದು ವಿಚಾರಣೆ ನಡೆಸುವುದು ಅನ್ಯಾಯ. ಪರರ ಕಷ್ಟವನ್ನು ಕಂಡು, ಇವರ ಇಂಥ ಕರ್ಮಕ್ಕೆ ಇದು ಫಲವೆಂದು ಬಂಧುಗಳ ನಡುವೆ ಹೇಳಿಬಿಡುವುದಂತೂ ದೊಡ್ಡ ಅಪರಾಧ. ಕರ್ಮದ ಗತಿಯು ಗಹನವೆಂದು ಗೀತಾಚಾರ್ಯನೇ ಅಪ್ಪಣೆ ಕೊಡಿಸಿರುವಾಗ, ಅದನ್ನು ಅಂಗೈಯ ನೆಲ್ಲಿಕಾಯಿಯಂತೆ ಕಂಡೆವೆನ್ನಲು ನಾವಾರು?

ದಶರಥನೂ ಹಿಂದಿನದನ್ನು ಇಂದಿನದಕ್ಕೆ ಜೋಡಿಸಲಿಲ್ಲವೆ ಎಂದು ಕೇಳಬಹುದು. ಜೋಡಿಸಿದನು, ನಿಜ. ಆದರೆ ಆತನು ಆಧರಿಸಿದ್ದು ಬರಿಯ ಊಹೆಯನ್ನಲ್ಲ, ತಪಸ್ವಿಯು ಕಿವಿಯಾರೆ ಕೇಳಿಸಿದ ಮಾತನ್ನು. ಅಂಥ ಆಪ್ತವಾಕ್ಯವು ನಮಗೆ ಎಲ್ಲಿದೆ? ಮೇಲಾಗಿ, ಆ ಅರ್ಥವನ್ನು ಆತನು ಇತರರ ಮೇಲೆ ಹೊರಿಸಲಿಲ್ಲ. ದೂಷಿಸಲು ಕೈಕೇಯಿಯು ಇದ್ದೇ ಇದ್ದಳು. ಅದಕ್ಕೂ ಮುನ್ನ ಕೌಸಲ್ಯೆಯು ಶೋಕದಿಂದ ಕಠಿಣವಾದ ಮಾತುಗಳನ್ನೂ ಆಡಿದ್ದಳು. ಆದರೂ ಆ ರಾತ್ರಿ ಆತನು ಬಿಚ್ಚಿಟ್ಟದ್ದು ತನ್ನ ತಪ್ಪನ್ನು. ಹಿಂದಿರುಗಿ ನೋಡುವ ದೃಷ್ಟಿಯು ಪಶ್ಚಾತ್ತಾಪವಾಗಿ ತನ್ನೆಡೆಗೆ ತಿರುಗಿದಾಗ ಅದು ಸಾಧನೆ. ತೀರ್ಪಾಗಿ ಪರರೆಡೆಗೆ ತಿರುಗಿದಾಗ ಅದು ಅಹಂಕಾರ.

ಇದಕ್ಕಿಂತಲೂ ಗಮನಾರ್ಹವಾದುದು ಆ ವೃದ್ಧ ತಪಸ್ವಿಯ ನಡೆ. ಮಗನ ಶವದ ಸುದ್ದಿಯನ್ನು ಕೇಳಿದ ಆ ಗಳಿಗೆಯಲ್ಲೂ ಆತನು ಒಂದು ಭೇದವನ್ನು ಮರೆಯಲಿಲ್ಲ. ತಿಳಿದು ಮಾಡಿದ್ದರೆ ನಿನ್ನ ತಲೆಯು ಒಡೆದುಹೋಗುತ್ತಿತ್ತು, ತಿಳಿಯದೆ ಮಾಡಿದ್ದರಿಂದಲೇ ಬದುಕಿರುವೆ ಎಂದು ನುಡಿದನು. ಕೃತ್ಯಕ್ಕೆ ಫಲವು ತಪ್ಪಲಿಲ್ಲ; ಆದರೂ ಮಾಡುವಾಗ ಮಾಡಿದವನಿಗೆ ಏನು ತಿಳಿದಿತ್ತೆಂಬುದನ್ನು ತೂಗಿಯೇ ಆತನು ಮಾತನಾಡಿದನು. ಸರ್ವಸ್ವವನ್ನೂ ಕಳೆದುಕೊಂಡ ತಂದೆಯು ತೋರಿದ ಈ ವಿವೇಕವನ್ನು, ಏನನ್ನೂ ಕಳೆದುಕೊಳ್ಳದ ನಾವು ನೆರೆಹೊರೆಯವರ ವಿಷಯದಲ್ಲಿ ತೋರಲಾರೆವೆ?

ಆದಿಯಿಂದ ಅಂತ್ಯದವರೆಗೆ ಎಲ್ಲವನ್ನೂ ಒಮ್ಮೆಗೇ ಕಾಣುವ ಸರ್ವಜ್ಞನು ಶ್ರೀಹರಿಯೊಬ್ಬನೇ. ಸಂಗತಿಗಳ ಪೂರ್ಣವಾದ ಅರ್ಥವು ಆತನಿಗೆ ಸೇರಿದ್ದು. ನಡೆದುದನ್ನು ನಡೆದಂತೆ ನೆನೆಯುವುದು, ತಿಳಿದಷ್ಟನ್ನೇ ಹೇಳುವುದು, ತಿಳಿಯದುದನ್ನು ಆತನ ಪಾದಗಳಲ್ಲಿ ಒಪ್ಪಿಸುವುದು ನಮ್ಮ ಪಾಲಿನ ಧರ್ಮ. ಈ ಉತ್ಸವದ ದಿನಗಳಲ್ಲಿ ರಾಮಕಥೆಯನ್ನು ಕೇಳಿ ಮನೆಗೆ ಹಿಂದಿರುಗುವ ಆಸ್ತಿಕ ಬಂಧುಗಳು, ತಮ್ಮ ಕುಟುಂಬದಲ್ಲಿ ಯಾವುದೋ ಹಳೆಯ ದಿನದ ಅಪವಾದವನ್ನು ಇಂದಿಗೂ ಹೊತ್ತಿರುವ ಒಂದು ಜೀವವಿದ್ದರೆ, ಆ ಭಾರವನ್ನು ಇಳಿಸುವ ಮನಸ್ಸು ಮಾಡಲಿ. ಅದು ಶ್ರೀರಾಮನಿಗೆ ಪ್ರಿಯವಾದ ಸೇವೆಯೆಂದು ನಾವು ನಂಬುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು