ಆಮೆಗೆ ಎಷ್ಟು ಬೇಕು?

ಬದನವಾಳಿನಂಥ ನಮ್ಮ ಹಳ್ಳಿಗಳಲ್ಲಿ ಬಾವಿಗೆ ಆಮೆ ಬಿಡುವುದು ಹಳೆಯ ರೂಢಿ. ಹುಳುಹುಪ್ಪಟೆ ತಿಂದು ನೀರನ್ನು ಚೊಕ್ಕಟವಾಗಿಡುತ್ತದೆ ಎಂಬ ನಂಬಿಕೆ. ಇಣುಕಿ ನೋಡಿದರೆ ಮೂತಿಯೊಂದು ಮೇಲೆ ಬಂದು, ಉಸಿರೆಳೆದುಕೊಂಡು ಮತ್ತೆ ಮುಳುಗುತ್ತದೆ. ‘ಅಪ್ಪನ ಕಾಲದ್ದು, ಇನ್ನೂ ಗಟ್ಟಿಯಾಗಿದೆ’ ಎಂದು ಹಿರಿಯರು ಹೆಮ್ಮೆಪಡುತ್ತಾರೆ. ಇಷ್ಟು ವರ್ಷ ಬಾಳಿದ ಮೇಲೆ ಸುಖವಾಗಿಯೇ ಇರಬೇಕಲ್ಲ ಎಂಬುದು ನಮ್ಮ ಲೆಕ್ಕ. ಈ ಲೆಕ್ಕವೇ ನನ್ನನ್ನು ಕಾಡುತ್ತದೆ.

ಕೆರೆಯ ಆಮೆ ದಡಕ್ಕೆ ಹತ್ತಿ ಬಿಸಿಲು ಕಾಯಿಸುವುದು ಸೋಮಾರಿತನದಿಂದಲ್ಲ. ಮೈಗೆ ಕಾವು ಬರದೆ ತಿಂದದ್ದು ಅರಗದು. ಬಿಸಿಲಿನ ಅತಿನೇರಳೆ ಕಿರಣ ತಾಕದೆ ‘ಡಿ’ ಜೀವಸತ್ವ ಮೈಗೂಡದು, ಸುಣ್ಣದಂಶ ದಕ್ಕದೆ ಚಿಪ್ಪು ಮೆತ್ತಗಾಗುತ್ತದೆ. ಹೆಣ್ಣಿಗೆ ಮೊಟ್ಟೆಯಿಡಲು ಅಗೆಯುವ ಮಣ್ಣು ಬೇಕು. ಕೆರೆ ಬತ್ತಿದರೆ ಕೆಸರಲ್ಲಿ ಹುದುಗುವ, ಇಲ್ಲವೇ ಬೇರೆ ನೀರು ಹುಡುಕಿ ಹೊರಡುವ ದಾರಿ ಬೇಕು. ಕಲ್ಲು ಕಟ್ಟಿದ ಬಾವಿಯಲ್ಲಿ ದಡವೇ ಇಲ್ಲ. ಪೇಟೆಯ ಮನೆಯ ಗಾಜಿನ ತೊಟ್ಟಿಯಲ್ಲಿ ಬೆಳಕಿದ್ದರೂ, ಬೇಕಾದ ಕಿರಣವನ್ನು ಗಾಜೇ ತಡೆಯುತ್ತದೆ.

ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ‘ಪಿಗ್‌ಫೇಸ್’ ಎಂಬ ಮೆದುಚಿಪ್ಪಿನ ನೈಲ್ ಆಮೆ ದಶಕಗಳ ಕಾಲ ಇತ್ತು. ಅದು ತನ್ನ ಕುತ್ತಿಗೆಯನ್ನು ತಾನೇ ಪರಚಿಕೊಳ್ಳುತ್ತಿತ್ತು, ಮುಂಗಾಲು ಕಚ್ಚಿಕೊಳ್ಳುತ್ತಿತ್ತು. ತೊಟ್ಟಿಗೆ ಚೆಂಡು, ಕೋಲುಗಳನ್ನು ಹಾಕಿದ ಮೇಲೆ ಅವುಗಳೊಡನೆ ಆಡತೊಡಗಿತು. ಪರಚಾಟ ಬಹಳವಾಗಿ ಇಳಿಯಿತು. ಗಾರ್ಡನ್ ಬರ್ಗಾರ್ಟ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ದಾಖಲಿಸಿದರು. ಬೇಸರಪಡಲೂ ಬಾರದು ಎಂದು ನಾವು ತಿಳಿದ ಪ್ರಾಣಿ, ಅಷ್ಟೂ ಕಾಲ ಬೇಸರದಲ್ಲೇ ಬೆಂದಿತ್ತು. ಆಮೆ ಕೂಗುವುದಿಲ್ಲ, ಬೇಗ ಸಾಯುವುದೂ ಇಲ್ಲ. ಅದರ ತಾಳ್ಮೆಯನ್ನೇ ನಾವು ನೆಮ್ಮದಿ ಎಂದು ಓದಿಕೊಂಡೆವು.

ಖಾದಿಯ ಊರಾದ ಬದನವಾಳಿನಲ್ಲಿ 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಕೂತರು. ಮನುಷ್ಯನಿಗೆ ಎಷ್ಟು ಸಾಕು ಎಂದು ಕೇಳಿದ ನೆಲವಿದು. ಆದರೆ ಆ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬಹುದೇ ಹೊರತು, ಇನ್ನೊಂದು ಜೀವಕ್ಕೆ ಇಷ್ಟೇ ಸಾಕು ಎಂದು ತೀರ್ಮಾನಿಸುವ ಅಧಿಕಾರ ನಮಗೆ ಬರುವುದಿಲ್ಲ. ನಾವು ಒಪ್ಪಿ ಕೈಬಿಟ್ಟದ್ದು ಸರಳ ಬದುಕು. ಆಮೆಯಿಂದ ಕಿತ್ತುಕೊಂಡದ್ದು ಸೆರೆ.

ನಕ್ಷತ್ರ ಆಮೆಯನ್ನಾಗಲಿ ಕೆರೆ ಆಮೆಯನ್ನಾಗಲಿ ಹಿಡಿದು ಸಾಕುವುದು ಕಾನೂನಿನ ಪ್ರಕಾರ ಅಪರಾಧ. ಬಾವಿಯಲ್ಲಿರುವುದನ್ನು ಅರಣ್ಯ ಇಲಾಖೆಯವರಿಗೆ ತಿಳಿಸಿ ಬಿಡಿಸಬೇಕು. ಅಂಗಡಿಯಿಂದ ತಂದ ಕೆಂಪು ಕಿವಿಯ ಅಮೆರಿಕದ ಆಮೆ ಸಾಕಾಯಿತೆಂದು ಕಪಿಲೆಗೆ ಬಿಟ್ಟರೆ, ನಮ್ಮ ಹೊಳೆಯ ಆಮೆಗಳ ಬಿಸಿಲಿಗೂ ಆಹಾರಕ್ಕೂ ಅದು ಪೈಪೋಟಿಗೆ ನಿಲ್ಲುತ್ತದೆ. ಮನೆಗೆ ತಂದಾಗಿದ್ದರೆ ಒಣ ದಡ, ನೇರ ಬಿಸಿಲು, ಅಡಗುವ ಮರೆ, ಈಜುವಷ್ಟು ನೀರು ಕೊಟ್ಟು ಅದರ ಆಯುಷ್ಯವಿರುವಷ್ಟು ಕಾಲ ನೋಡಿಕೊಳ್ಳಬೇಕು. ಅಷ್ಟು ಆಗದು ಎನ್ನುವವರು ತರಲೇಬಾರದು.