ನಾಗರ ಪಂಚಮಿ: ಬಿಡುವುದೂ ಒಂದು ಪೂಜೆ

ಶ್ರಾವಣ ಮಾಸದ ಶುಕ್ಲ ಪಕ್ಷದ ಐದನೆಯ ದಿನ ನಾಗರ ಪಂಚಮಿ. ಅಂದು ಭಕ್ತಾದಿಗಳು ನಾಗರ ಕಲ್ಲಿಗೆ, ಹುತ್ತಕ್ಕೆ ತನಿ ಎರೆಯುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಕಾಲಿ, ಉಂಡಿ, ತಂಬಿಟ್ಟು. ಕರಾವಳಿಯಲ್ಲಿ ಅರಿಶಿನ ಎಲೆಯ ಕಡುಬು. ಊರಿಗೊಂದು ಪದ್ಧತಿ ಇದ್ದರೂ ಎಲ್ಲರ ಬೇಡಿಕೆ ಒಂದೇ: ನಾಗಪ್ಪ ಮುನಿಯಬಾರದು, ಮನೆ ಮಕ್ಕಳು ತಣ್ಣಗಿರಬೇಕು. ಆದರೆ ಆ ದಿನ ನಾಗಪ್ಪ ತಣ್ಣಗಿರುತ್ತಾನೆಯೇ? ಪೂಜೆ ಮಾಡಿದವರಿಗೆ ತೃಪ್ತಿಯಾದರೆ ಸಾಕೋ, ಪೂಜೆಗೊಂಡ ಜೀವಕ್ಕೂ ಹಿತವಾಗಬೇಕೋ? ಆಸ್ತಿಕರು ಯೋಚಿಸಬೇಕಾದ ಪ್ರಶ್ನೆ ಇದು.

ಇದಕ್ಕೆ ಉತ್ತರ ಹಬ್ಬದ ಮೂಲದಲ್ಲೇ ಇದೆ. ಮಹಾಭಾರತದ ಆದಿಪರ್ವದ ಪ್ರಕಾರ, ತಂದೆ ಪರೀಕ್ಷಿತನನ್ನು ತಕ್ಷಕ ಕಚ್ಚಿ ಕೊಂದನೆಂದು ಜನಮೇಜಯ ರಾಜನು ಸರ್ಪಯಾಗ ಹೂಡಿದ. ಒಬ್ಬ ತಕ್ಷಕನ ತಪ್ಪಿಗೆ ಸಾವಿರಾರು ಸರ್ಪಗಳು ಅಗ್ನಿಗೆ ಬಿದ್ದವು. ಆಗ ಬಂದವನು ಬಾಲಕ ಆಸ್ತೀಕ. ರಾಜ ವರ ಕೇಳೆಂದಾಗ ಅವನು ಚಿನ್ನ ಕೇಳಲಿಲ್ಲ, ಗೋವು ಕೇಳಲಿಲ್ಲ; ‘ಈ ಯಾಗ ನಿಲ್ಲಲಿ’ ಅಂದ. ಯಾಗ ನಿಂತ ದಿನವೇ ಪಂಚಮಿ ಎಂಬುದು ನಂಬಿಕೆ. ಅಂದರೆ ಈ ಹಬ್ಬ ಹುಟ್ಟಿದ್ದು ಒಂದು ಕೊಲೆಯನ್ನು ನಿಲ್ಲಿಸಿದ ನೆನಪಿನಲ್ಲಿ.

ಮನೆಯ ಹಿರಿಯರು ಹೇಳುವ ಕಟ್ಟಳೆಗಳೂ ಇದನ್ನೇ ಸಾರುತ್ತವೆ. ‘ಇವತ್ತು ನೆಲ ಅಗೀಬೇಡಿ, ನೇಗಿಲು ಹೂಡಬೇಡಿ, ಒಲೆ ಮೇಲೆ ಹಂಚಿಡಬೇಡಿ, ತರಕಾರಿ ಹೆಚ್ಚಬೇಡಿ.’ ಎಲ್ಲವೂ ‘ಬೇಡ’ಗಳೇ! ಶ್ರಾವಣ ಮಳೆಗಾಲ, ಬಿಲಕ್ಕೆ ನೀರು ನುಗ್ಗಿ ಹಾವುಗಳು ಹೊರಬೀಳುವ ಕಾಲ. ಅಂದು ಗುದ್ದಲಿ, ನೇಗಿಲು ಕೆಳಗಿಟ್ಟರೆ ಮಣ್ಣಿನೊಳಗಿನ ಜೀವಗಳಿಗೆ ಅಭಯ ಕೊಟ್ಟ ಹಾಗೆ. ಈ ವ್ರತದಲ್ಲಿ ಮಾಡುವುದಕ್ಕಿಂತ ಬಿಡುವುದೇ ಹೆಚ್ಚು.

ಹೀಗಿರುವಾಗ ಬುಟ್ಟಿಯ ಹಾವಿಗೆ ಹಾಲು ಕುಡಿಸುವುದು ಸರಿಯೇ? ‘ಹಾವು ಹಾಲು ಕುಡಿಯೋದನ್ನ ಕಣ್ಣಾರೆ ನೋಡಿದ್ದೀವಲ್ಲ’ ಅನ್ನುವವರಿದ್ದಾರೆ. ನೋಡಿದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಹಾವು ಇಲಿ, ಕಪ್ಪೆ ತಿಂದು ಬದುಕುವ ಪ್ರಾಣಿ. ಹಾಲು ಅದರ ಆಹಾರವಲ್ಲ, ಅದಕ್ಕೆ ಅರಗುವುದೂ ಇಲ್ಲ. ಹಬ್ಬಕ್ಕೆ ಮುಂಚೆ ಅದನ್ನು ಹಿಡಿದು, ವಿಷದ ಹಲ್ಲು ಕಿತ್ತು, ದಿನಗಟ್ಟಲೆ ನೀರು ಕೊಡದೆ ಬುಟ್ಟಿಯಲ್ಲಿಡುತ್ತಾರೆ. ಬಾಯಾರಿದ ಹಾವು ಸಿಕ್ಕಿದ್ದನ್ನು ಹೀರುತ್ತದೆ. ಹಾಲು ಶ್ವಾಸಕೋಶಕ್ಕೆ ಇಳಿದು, ಬಾಯಿಯ ಗಾಯ ಕೀವು ತುಂಬಿ ಎಷ್ಟೋ ಹಾವುಗಳು ಸಾಯುತ್ತವೆ. ಭಕ್ತನು ಪುಣ್ಯವೆಂದು ಎರೆದದ್ದು ಹಾವಿನ ಪಾಲಿಗೆ ಮೃತ್ಯುವಾಗುತ್ತದೆ. ನಾಗರಹಾವನ್ನು ಹಿಡಿದು ಆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಹೌದು. ಹಾಗೆಂದು ಹಾವಾಡಿಗನನ್ನು ಬೈದು ಅಟ್ಟುವುದು ಧರ್ಮವಲ್ಲ. ಅವನೂ ಹೊಟ್ಟೆಪಾಡಿಗೆ ಬಂದವನು. ಅಕ್ಕಿ ಬೇಳೆ ಕೊಟ್ಟು, ‘ಬುಟ್ಟಿ ಮಾತ್ರ ತೆಗೀಬೇಡಪ್ಪ’ ಎನ್ನಬಹುದು.

‘ಹಾವು ಕಚ್ಚಿ ಜನ ಸಾಯೋದಿಲ್ಲವೇ? ಅದಕ್ಕೆ ದಯೆ ಯಾಕೆ?’ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಸತ್ತವರಲ್ಲಿ ಹಳ್ಳಿಗರೇ ಹೆಚ್ಚು. ದಯೆ ಎಂದರೆ ಹಾವಿನ ಹತ್ತಿರ ಹೋಗುವುದಲ್ಲ, ದೂರ ನಿಂತು ದಾರಿ ಬಿಡುವುದು. ರಾತ್ರಿ ಹೊಲಕ್ಕೆ ಹೋಗುವಾಗ ಟಾರ್ಚು, ಕಾಲಿಗೆ ಬೂಟು ಇರಲಿ. ಕಚ್ಚಿದರೆ ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಪ್ರತಿವಿಷ ತಯಾರಾಗುವುದೂ ಹಾವಿನ ವಿಷದಿಂದಲೇ. ಹೊಲದ ಇಲಿ ತಿಂದು ರೈತನ ಕಾಳು ಉಳಿಸುವ ಕೇರೆಹಾವನ್ನು ಕಂಡಕೂಡಲೇ ಬಡಿದು, ಮರುದಿನ ಕಲ್ಲಿಗೆ ಹಾಲೆರೆದರೆ ಏನು ಬಂತು? ಈ ವಿಪರ್ಯಾಸವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ತೋರಿಸಿಕೊಟ್ಟಿದ್ದಾರೆ.

ಹಾಗಾದರೆ ಹಬ್ಬ ಮಾಡುವುದು ಹೇಗೆ? ಕಲ್ಲಿನ ನಾಗನಿಗೆ ಒಂದು ಉದ್ಧರಣೆ ಹಾಲು ಸಾಕು. ಉಳಿದದ್ದು ಮಕ್ಕಳಿಗೆ ಪ್ರಸಾದವಾಗಲಿ. ಹುತ್ತದ ಬಾಯಿಗೆ ಹಾಲು ಸುರಿದರೆ ಅದು ಹುಳಿತು ಇರುವೆ ಮುತ್ತುತ್ತದೆ. ಹುತ್ತಕ್ಕೆ ದೂರದಿಂದಲೇ ಒಂದು ಹೂವಿಟ್ಟು ಕೈಮುಗಿದರೆ ಆಯಿತು. ಖಾಲಿ ಹಾಲಿನ ಪ್ಯಾಕೆಟ್ಟು, ಕರ್ಪೂರದ ಕವರು ನಾಗರ ಕಟ್ಟೆಯಲ್ಲಿ ಬೀಳದಿರಲಿ. ದಕ್ಷಿಣ ಕನ್ನಡ, ಉಡುಪಿಯ ನಾಗಬನಗಳಲ್ಲಿ ಹಿರಿಯರು ಮರ ಕಡಿಯದೆ, ಬಳ್ಳಿ ಹರಿಯದೆ ಕಾಡನ್ನು ಉಳಿಸಿದರು. ಕೆಲವೆಡೆ ಅದೇ ಬನ ಕಡಿದು ಸಿಮೆಂಟು ಕಟ್ಟೆ ಕಟ್ಟಿದ್ದಾರೆ. ಕಟ್ಟೆ ಭಕ್ತನ ಅನುಕೂಲಕ್ಕೆ. ನಾಗನಿಗೆ ಬೇಕಾದದ್ದು ನೆರಳು, ತಂಪು, ಬಿಲ. ಬನ ಇದ್ದಲ್ಲಿ ಉಳಿಸಿ, ಇಲ್ಲದಲ್ಲಿ ಒಂದು ಗಿಡ ನೆಟ್ಟರೆ ಅದೂ ನಾಗಪ್ರತಿಷ್ಠೆಗೆ ಸಮಾನ.

ದಾನಗಳಲ್ಲಿ ಅಭಯದಾನ ದೊಡ್ಡದು ಎನ್ನುತ್ತಾರೆ. ಅದಕ್ಕೆ ದುಡ್ಡು ಬೇಡ, ಪುರೋಹಿತರೂ ಬೇಡ. ಬೆಟ್ಟದ ಮೆಟ್ಟಿಲ ಮೇಲೆ ಹಾವೊಂದು ಅಡ್ಡ ಬಂದಾಗ ಕಲ್ಲೆತ್ತದೆ ನಿಂತು, ಅದು ಪೊದೆಯೊಳಗೆ ಸರಿದು ಹೋಗುವ ತನಕ ಕಾದವನು ಅಂದೇ ಪಂಚಮಿ ಆಚರಿಸಿದ ಹಾಗೆ.